ಅರ್ಧಕ್ಕೆ ನಿಂತ ಅಂಗಿ

ಇವತ್ತು ಒಂದು ಅಂಗಿಗೆ ನಿವೃತ್ತಿ.
ಹಗ್ಗ ಎಳೆಯುವ ಕೆಲಸ ನನ್ನದು.

ನನ್ನದೇ ನಿವೃತ್ತಿ ಮಾರ್ಚಿನಲ್ಲಿ ಮುಗಿಯಿತು:
ಒಂದು ಕೇಕು, ಒಂದು ಗಡಿಯಾರ.
ಈ ಹಳೆಯ ರಾಟೆಯ ಹಟ ಬೇರೆ ಯಾರಿಗೂ ಗೊತ್ತಿಲ್ಲವೆಂದು
ಮತ್ತೆ ಕರೆಸಿದ್ದಾರೆ.
ಸಡ್ಬರಿಯ ಈ ಅಂಗಣದಲ್ಲಿ ನಲವತ್ತೊಂದು ಚಳಿಗಾಲ
ಮಂಜುಗಡ್ಡೆಯ ಗಾಯಕ್ಕೆ ಬಿಸಿನೀರು ಸವರಿದವನು,
ಯಂತ್ರದ ಮೇಲೆ ಕೂತು ಸುತ್ತಿದ್ದನ್ನೇ ಸುತ್ತಿದ
ಗಾಣದೆತ್ತು.

ಐಲಿ ರೈಟನೆನ್ ಬಂದದ್ದು ನನ್ನ ಮೊದಲ ವರ್ಷ,
ರಾತ್ರಿ ಹನ್ನೊಂದೂವರೆಗೆ,
ಗಂಡಸರ ಕೊನೆಯ ಆಟ ಮುಗಿದು
ಬಿಯರಿನ ವಾಸನೆ ಇನ್ನೂ ಮೆಟ್ಟಿಲ ಮೇಲೆ ಕೂತಿದ್ದಾಗ.
ಹಿಂದೆ ಹನ್ನೊಂದು ಹೆಂಗಸರು. ಇಬ್ಬರು ದಾದಿಯರು,
ಮ್ಯಾನಿಟೂಲಿನ್ ದ್ವೀಪದಿಂದ ಸೌದೆ ಲಾರಿ ಹತ್ತಿ ಬಂದ ವಿನಿಫ್ರೆಡ್,
ನಿಕಲ್ ಗಣಿಯ ಕ್ಯಾಂಟೀನಿನ ಹುಡುಗಿ, ಕೈತುಂಬ ಈರುಳ್ಳಿಯ ಘಾಟು.
ಉಳಿದವರ ಹೆಸರು ಮರೆತಿದ್ದೇನೆ, ಕ್ಷಮಿಸಿ.

"ಒಂದು ಗಂಟೆ ಸಾಕು," ಎಂದಳು.
"ಹೆಂಗಸರಿಗೆ ಬಿಡಬಹುದೆಂಬ ನಿಯಮವಿಲ್ಲ."
"ಬಿಡಬಾರದೆಂಬ ನಿಯಮ ಇದೆಯೇ?"
ಹುಡುಕಿದೆ. ಅದೂ ಇರಲಿಲ್ಲ.
ಬಂದಾರೆಂದು ಯಾರಿಗೂ ಹೊಳೆದೇ ಇರಲಿಲ್ಲ.

ಅರ್ಧ ದೀಪ ಹಾಕಿದೆ.
ಪೂರ್ತಿ ಹಾಕಿದರೆ ಮೀಟರು ಚಾಡಿ ಹೇಳುತ್ತಿತ್ತು.

ಅಂಗಿಗಳು ಹುಡುಗರ ತಂಡ ಬಿಸಾಡಿದ ಪೆಟ್ಟಿಗೆಯವು.
ಅವಳ ಪಾಲಿಗೆ ಇಪ್ಪತ್ತೇಳು.
ಏಳರ ಕಾಲು ಹರಿದಿತ್ತು;
ಅಡುಗೆಮನೆಯ ಪರದೆ ಕತ್ತರಿಸಿ ತಾನೇ ಹೊಲಿದಳು.
ಹಾಗಾಗಿ ಏಳರ ತುದಿಯಲ್ಲಿ
ಒಂದು ಸಣ್ಣ ಹಳದಿ ಹೂ.
ಎದುರಾಳಿಗಳಿಗೆ ಅದು ಕಾಣುತ್ತಿದ್ದದ್ದು
ಅವಳು ದಾಟಿ ಹೋದ ಮೇಲೆ.

ಆಮೇಲೆ ಲೀಗು ಬಂತು, ಸಂಬಳವೆಂಬ ಮಾತು ಬಂತು.
ಮೊದಲ ಚೆಕ್ಕು ಕೈಗೆ ಸಿಕ್ಕಾಗ ಮೂವತ್ತೆಂಟು ವಯಸ್ಸು,
ಎಡ ಮೊಣಕಾಲಲ್ಲಿ ಎರಡು ಮೊಳೆ.
ಎರಡು ಚಳಿಗಾಲ ಆಡಿದಳು. ಲೀಗು ಮುಳುಗಿತು.
ಕೊನೆಯ ಚೆಕ್ಕು ಬ್ಯಾಂಕಿನಿಂದ ವಾಪಸ್ಸು ಬಂತು.
ಅದಕ್ಕೆ ಚೌಕಟ್ಟು ಹಾಕಿಸಿ ಬಚ್ಚಲಿನಲ್ಲಿ ತೂಗುಹಾಕಿದ್ದಾಳೆ.

ಇವತ್ತು ಮೇಯರು ಅವಳ ಹೆಸರನ್ನು ಮೂರು ಬಗೆಯಲ್ಲಿ ಮುರಿದರು.
"ದಾರಿ ತೋರಿದವರು," ಎಂದರು.
ಅವಳು ನನ್ನ ಕಡೆ ಬಾಗಿ:
"ದಾರಿ ಎಲ್ಲಿತ್ತು ಆರ್ಮಾನ್? ಹಿತ್ತಿಲ ಬಾಗಿಲಿತ್ತು.
ಅದರ ಚಿಲಕವೂ ಕೆಟ್ಟಿತ್ತು."

ಮೂಲ ಅಂಗಿ ಎಲ್ಲಿ ಎಂದು
ಅಧಿಕಾರಿಗಳು ತಿಂಗಳುಗಟ್ಟಲೆ ಹುಡುಕಿದರು.
ನಾನು ಬಾಯಿ ಬಿಡಲಿಲ್ಲ. ಇಲ್ಲಿ ಹೇಳುತ್ತೇನೆ:
ಲೀಗು ಸತ್ತ ಮೇಲೆ ಆ ಪೆಟ್ಟಿಗೆ ನನ್ನ ಶೆಡ್ಡಿಗೆ ಬಂತು.
ಹಳೆ ಬಟ್ಟೆ, ದಪ್ಪ ನೇಯ್ಗೆ, ಗ್ರೀಸು ಚೆನ್ನಾಗಿ ಹೀರುತ್ತಿತ್ತು.
ಆರು ವರ್ಷ ಯಂತ್ರದ ಅಲಗು ಒರೆಸಿದೆ.
ಒಂದು ಸಂಜೆ ಕಪ್ಪು ಎಣ್ಣೆಯೊಳಗಿಂದ
ಹಳದಿ ಹೂವೊಂದು
ನನ್ನನ್ನೇ ನೋಡಿತು.

ಅಷ್ಟು ಮಾತ್ರ ಕತ್ತರಿಸಿ ಇಟ್ಟುಕೊಂಡೆ.
ನಿನ್ನೆ ರಾತ್ರಿ, ಅರ್ಧ ದೀಪದಲ್ಲಿ,
ಈ ಹೊಸ ಮಿರುಗುವ ಅಂಗಿಯ ಏಳರ ಕಾಲಿಗೆ
ಪಿನ್ನು ಚುಚ್ಚಿ ಸಿಕ್ಕಿಸಿದೆ.

ಬ್ಯಾಂಡು ಶುರುವಾಯಿತು. ಎಳೆದೆ.
ಅಂಗಿ ಏರಿತು, ಏರಿತು,
ಅರ್ಧಕ್ಕೆ ನಿಂತಿತು.
ರಾಟೆ ಕಚ್ಚಿಕೊಂಡಿತ್ತು.
ಮೂರು ಸಾವಿರ ಜನ ಕತ್ತೆತ್ತಿ ಕಾದರು.
ಬ್ಯಾಂಡಿನವರು ಅದೇ ಸಾಲನ್ನು ಮತ್ತೆ ನುಡಿಸಿದರು.

ಐಲಿ ಕಣ್ಣು ಕಿರಿದು ಮಾಡಿ ನೋಡಿದಳು.
ಪೊರೆ ತೆಗೆಸಿಕೊಂಡ ಕಣ್ಣು; ಎಷ್ಟು ಕಾಣುತ್ತದೋ.
"ಏಳರ ಕಾಲಿಗೆ ಏನೋ ಕೊಳೆ ಅಂಟಿದೆ ಆರ್ಮಾನ್,
ಇಳಿಸಿ ಒರೆಸು."

"ಇಲ್ಲ," ಎಂದೆ. "ಒರೆಸಿದ್ದು ಸಾಕು."

ಹಗ್ಗ ಹಿಡಿದ ಕೈ ನಡುಗುತ್ತಿತ್ತು.
ಅವಳು ಎದ್ದು ಬಂದು, ಮೊಳೆಯ ಮೊಣಕಾಲು ಊರಿ,
ನನ್ನ ಕೈ ಕೆಳಗಿನ ಹಗ್ಗಕ್ಕೆ ತನ್ನ ಕೈ ಹಾಕಿದಳು.